ಬಾಮೈದನ ಸೈಕಾಲಜಿ

ಹೊಟ್ಟೆಕಿಚ್ಚನ್ನು ಬೇರೆ ಯಾರ ಮೇಲೆ ಪಟ್ಟರೂ ನಾಲ್ಕು ಜನರ ಹತ್ತಿರ ಹೇಳಿಕೊಂಡು ಹಗುರಾಗಬಹುದು. ಬಾಮೈದನ ಮೇಲೆ ಪಟ್ಟರೆ ಆ ಅನುಕೂಲವೂ ಇಲ್ಲ. ಮನೆಯೊಳಗೆ ಹೇಳಿದರೆ ಕೇಳುವವಳು ಅವನ ಅಕ್ಕ. ಹೊರಗೆ ಹೇಳಿದರೆ, ಸ್ವಂತ ಬಾಮೈದ ಮುಂದಕ್ಕೆ ಬಂದರೆ ಇವನಿಗೇನು ಸಂಕಟ ಅಂತ ಜನ ಮೂಗು ಮುರಿಯುತ್ತಾರೆ. ಮಾಗಡಿಯ ಕೆಂಪರಾಜು ಎರಡು ಸಾವಿರದ ಏಳರ ಜುಲೈನಿಂದ ನವೆಂಬರಿನವರೆಗೆ ಈ ಸಂಕಟವನ್ನು ಒಬ್ಬನೇ ನುಂಗಿಕೊಂಡು ಓಡಾಡಿದ.

ಕೆಂಪರಾಜುವಿನ ಕಸುಬು ಮನಸ್ಸು ಓದುವುದು. ಗಿಳಿ, ಕವಡೆ ಇಟ್ಟುಕೊಂಡು ಮರದ ಕೆಳಗೆ ಕೂರುವ ಪೈಕಿಯಲ್ಲ. ಕರೀ ಕೋಟು ಹಾಕಿಕೊಂಡು ವೇದಿಕೆ ಹತ್ತುವ ಪೈಕಿ. ಕಣ್ಣಿಗೆ ಮೂರು ಸುತ್ತು ಬಟ್ಟೆ ಕಟ್ಟಿಸಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದ. ಹೆಂಡತಿ ಲತಾಮಣಿ ಜನರ ನಡುವೆ ಓಡಾಡಿ, ಒಬ್ಬನ ಬಾಚಣಿಗೆ, ಇನ್ನೊಬ್ಬನ ಬಸ್ ಪಾಸು, ಮತ್ತೊಬ್ಬಳ ಬೀಗದ ಕೈ ಇಸಿದುಕೊಂಡು ಎತ್ತಿ ಹಿಡಿದು, ಇದೇನು ಹೇಳಿ ಎಂದು ಕೇಳುತ್ತಿದ್ದಳು. ಇವನು ಹಣೆ ಮುಟ್ಟಿಕೊಂಡು ತಡೆತಡೆದು ಹೇಳುತ್ತಿದ್ದ. ಜನ ಬೆಚ್ಚಿಬಿದ್ದು ಚಪ್ಪಾಳೆ ಹೊಡೆಯುತ್ತಿದ್ದರು.

ಅದರ ಗುಟ್ಟು ಇಷ್ಟೇ. ಅವಳು ಕೇಳುವ ರೀತಿಯಲ್ಲೇ ಉತ್ತರ ಇರುತ್ತಿತ್ತು. ಬೇಗ ಹೇಳಿ ಅಂದರೆ ಲೋಹದ್ದು, ನಿಧಾನವಾಗಿ ಹೇಳಿ ಅಂದರೆ ಕಾಗದದ್ದು, ಕೆಮ್ಮಿದರೆ ಹೆಂಗಸರದ್ದು. ಇಂಥ ಇನ್ನೂರು ಸನ್ನೆಗಳನ್ನು ಹೊಸೆದವಳು ಲತಾಮಣಿ. ಜನರ ಗದ್ದಲದಲ್ಲಿ ಒಂದೂ ತಪ್ಪದಂತೆ ಕೊಡುತ್ತಿದ್ದವಳೂ ಅವಳೇ. ಬ್ಯಾನರಿನಲ್ಲಿ ಮಾತ್ರ ‘ಮನೋವಾಚಕ ಕೆಂಪರಾಜು ಮತ್ತು ಸಹಾಯಕಿ’ ಎಂದಿತ್ತು. ಹನ್ನೆರಡು ವರ್ಷ ಚಪ್ಪಾಳೆ ಕೇಳಿಸಿಕೊಂಡ ಮೇಲೆ ಅವನಿಗೆ ತನಗೂ ನಿಜವಾಗಿ ಸ್ವಲ್ಪ ಆ ಶಕ್ತಿ ಇದೆ ಅನ್ನಿಸತೊಡಗಿತು. ಬಸ್ಸಿನಲ್ಲಿ ಎದುರಿಗೆ ಕೂತವರನ್ನು ದಿಟ್ಟಿಸಿ ನೋಡುವ ಚಟವೂ ಅಂಟಿಕೊಂಡಿತು.

ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದಿತ್ತು. ಆರು ವರ್ಷದಿಂದ ಅದರ ವಾರ್ಷಿಕೋತ್ಸವಕ್ಕೆ ಇವನದೇ ಕಾರ್ಯಕ್ರಮ. ಹಳ್ಳಿ ಶಾಲೆಗಳಲ್ಲಿ ಮಾಡಿದರೆ ಮೇಷ್ಟ್ರು ಒಂದು ಹಾರ ಹಾಕಿ ಟೀ ಕುಡಿಸಿ ಕಳಿಸುತ್ತಿದ್ದರು. ಬಿಡದಿಯಲ್ಲಿ ಎಂಟುನೂರು ಜನ, ಶಾಮಿಯಾನ, ಗುಂಯ್‌ಗುಡದ ಮೈಕು, ಮುಖವನ್ನು ಆಳೆತ್ತರ ತೋರಿಸುವ ಪರದೆ. ವರ್ಷಕ್ಕೊಂದು ದಿನ ಆ ವೇದಿಕೆಯ ಮೇಲೆ ನಿಂತಾಗ ಕೆಂಪರಾಜುವಿಗೆ ತಾನು ದೊಡ್ಡ ಕಲಾವಿದ ಎಂಬ ನಂಬಿಕೆ ಬರುತ್ತಿತ್ತು. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಅದೇ ನಂಬಿಕೆಯ ಮೇಲೆ ಬದುಕುತ್ತಿದ್ದ.

ಆ ವರ್ಷ ಜುಲೈನಲ್ಲಿ ಎಂದಿನಂತೆ ಕೇಳಲು ಹೋದಾಗ, ಎಚ್‌ಆರ್ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಕನಕಪುರದ ಹುಡುಗಿ ನವ್ಯಶ್ರೀ ಅವನನ್ನು ಕೂರಿಸಿ ಕಾಫಿ ತರಿಸಿದಳು. ಕಾಫಿ ಬಂದಾಗಲೇ ಅವನಿಗೆ ಅನುಮಾನ ಬಂತು. ಕೆಲಸ ಕೊಡುವವರು ಯಾವತ್ತೂ ಕಾಫಿ ತರಿಸಿರಲಿಲ್ಲ.

“ಸರ್, ಬೇಜಾರ್ ಮಾಡ್ಕೋಬೇಡಿ. ಈ ಸಲ ಮ್ಯಾಜಿಕ್ ಬೇಡ, ಸೈಂಟಿಫಿಕ್ಕಾಗಿ ಏನಾದ್ರೂ ಇರ್ಲಿ ಅಂತ ಮ್ಯಾನೇಜ್‌ಮೆಂಟ್‌ನೋರು ಹೇಳವ್ರೆ.”

“ನಂದು ಮ್ಯಾಜಿಕ್ ಅಲ್ಲ ಕಣಮ್ಮ. ಮನಸ್ ಓದೋದು.”

“ಅದನ್ನೇ ಸೈಕಾಲಜಿಲಿ ಮಾಡೋರು ಒಬ್ರು ಸಿಕ್ಕವ್ರೆ ಸರ್. ಕಣ್ ನೋಡಿ, ಮುಖ ನೋಡಿ ಹೇಳ್‌ಬುಡ್ತಾರಂತೆ. ರಾಮನಗರದೋರು. ಜಯಕುಮಾರ್ ಅಂತ.”

ಕೆಂಪರಾಜು ಲೋಟ ಕೆಳಗಿಟ್ಟ. ಜಯಕುಮಾರ್ ಅಂದರೆ ಲತಾಮಣಿಯ ಸ್ವಂತ ತಮ್ಮ. ನಾಲ್ಕು ವರ್ಷ ಕೆಂಪರಾಜುವಿನ ಹಿಂದೆ ಟ್ರಂಕು ಹೊತ್ತು ತಿರುಗಿ ಕೆಲಸ ಕಲಿತವನು. ಆಮೇಲೆ ಇದರಲ್ಲೇನೂ ಗಿಟ್ಟುವುದಿಲ್ಲ ಭಾವ ಅಂತ ರಾಮನಗರದಲ್ಲಿ ವಿಮೆ ಏಜೆಂಟನಾದ. ಹೋದ ವರ್ಷ ಬೆಂಗಳೂರಿಗೆ ಹೋಗಿ ಎರಡು ದಿನದ ಅದ್ಯಾವುದೋ ಕೋರ್ಸು ಮಾಡಿಕೊಂಡು ಬಂದವನೇ, ‘ಮೈಂಡ್ ಟ್ರೈನರ್ ಮತ್ತು ಮೆಂಟಲಿಸ್ಟ್’ ಎಂದು ಕಾರ್ಡು ಮಾಡಿಸಿಕೊಂಡಿದ್ದ. ಆ ಕಾರ್ಡು ನೋಡಿ ಕೆಂಪರಾಜು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಈಗ ಅದೇ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು.

ವಾರ್ಷಿಕೋತ್ಸವದ ಹಿಂದಿನ ದಿನ ಜಯಕುಮಾರ್ ಫೋನ್ ಮಾಡಿ, “ಭಾವ, ಅಕ್ಕನ್ನ ಕರ್ಕಂಡು ಬಂದ್ಬುಡಿ, ಮೂರನೇ ಸಾಲ್ನಲ್ಲಿ ಎರಡು ಸೀಟ್ ಹಿಡ್ಸಿರ್ತೀನಿ,” ಅಂದ. ಹೋಗಬಾರದು ಅಂತಲೇ ಕೆಂಪರಾಜು ತೀರ್ಮಾನಿಸಿದ್ದ. ಆದರೆ ಬಾಮೈದ ಮುಗ್ಗರಿಸಿ ಬೀಳುವುದನ್ನು ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ಕಣ್ಣಾರೆ ನೋಡುವುದೇ ವಾಸಿ ಅನ್ನಿಸಿ ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ಬಸ್ಸು ಹತ್ತಿದ.

ಬಾಮೈದ ಬೀಳಲಿಲ್ಲ. ಕೋಟೂ ಇಲ್ಲದೆ ಬರೀ ಬಿಳೀ ಶರಟಿನಲ್ಲಿ ನಿಂತು, ನೆನಪು ಮಾಡಿಕೊಳ್ಳುವವನ ಕಣ್ಣು ಮೇಲೆ ಎಡಕ್ಕೆ ಹೋಗುತ್ತದೆ, ಸುಳ್ಳು ಕಟ್ಟುವವನ ಕಣ್ಣು ಬಲಕ್ಕೆ ಹೋಗುತ್ತದೆ ಎಂದು ಭಾಷಣ ಮಾಡಿದ. ಬೈರಪ್ಪ ಎಂಬ ಫೋರ್ಕ್‌ಲಿಫ್ಟ್ ಡ್ರೈವರನ್ನು ಮೇಲೆ ಕರೆದು, ಬಾಲ್ಯದಲ್ಲಿ ಪ್ರೀತಿಯಾಗಿದ್ದ ಒಬ್ಬರ ಹೆಸರನ್ನು ಪ್ಯಾಡಿನಲ್ಲಿ ಬರೆದು ಹರಿದು ಜೇಬಿಗಿಟ್ಟುಕೊಳ್ಳಿ, ಬರೆದರೆ ಮನಸ್ಸಿನಲ್ಲಿ ಚಿತ್ರ ಗಟ್ಟಿಯಾಗುತ್ತದೆ ಅಂದ. ಆಮೇಲೆ ಅವನ ಕಣ್ಣನ್ನೇ ನೋಡುತ್ತಾ, “ಹೆಂಗಸು. ವಯಸ್ಸಾದೋರು. ಅಜ್ಜಿ. ದೊಡ್ಡಲಕ್ಷ್ಮಮ್ಮ,” ಅಂದ. ಬೈರಪ್ಪ ಕಣ್ಣೊರೆಸಿಕೊಂಡ. ಶಾಮಿಯಾನ ಹಾರಿಹೋಗುವಷ್ಟು ಚಪ್ಪಾಳೆ.

ಕೆಂಪರಾಜು ಹಲ್ಲು ಕಡಿದ. ಬರೆದದ್ದರ ಅಚ್ಚು ಪ್ಯಾಡಿನ ಕೆಳಗಿನ ಹಾಳೆಗೆ ಬೀಳುತ್ತದೆ, ಪ್ಯಾಡು ವಾಪಸು ಇಸಿದುಕೊಳ್ಳುವಾಗ ಅದನ್ನು ಓದಿಕೊಂಡರೆ ಆಯಿತು. ಆ ವಿದ್ಯೆಯನ್ನು ಬಾಮೈದನಿಗೆ ಕಲಿಸಿದವನೇ ಕೆಂಪರಾಜು. ತಾನು ಮಾಡಿದರೆ ಮ್ಯಾಜಿಕ್ಕು, ಅವನು ಮಾಡಿದರೆ ಸೈಕಾಲಜಿ!

ಆದರೆ ಮುಂದಿನದು ಅವನು ಕಲಿಸಿದ್ದಲ್ಲ. ಜಯಕುಮಾರ್ ಸಭೆಗೆ ಬೆನ್ನು ಹಾಕಿ ನಿಂತ. ಮೇಲೆ ಬಂದವನು ಅವನ ಬೆನ್ನ ಹಿಂದೆ ಒಂದು ನಾಣ್ಯವನ್ನು ಬಲಗೈಯಲ್ಲೋ ಎಡಗೈಯಲ್ಲೋ ಹಿಡಿದು ಜನರಿಗೆಲ್ಲ ತೋರಿಸಿ, ಎರಡೂ ಮುಷ್ಟಿ ಕಟ್ಟಿ ಮುಂದೆ ಚಾಚಿದ. ಜಯಕುಮಾರ್ ತಿರುಗಿ, ಅವನ ಮುಖ ನೋಡಿ, ಒಮ್ಮೆ ಸಭೆಯ ಕಡೆ ನಕ್ಕು, “ನಾಣ್ಯ ಇರೋ ಕಡೆಗೆ ಮೂಗು ತಿರುಗ್ತದೆ, ನಮಗೇ ಗೊತ್ತಾಗಲ್ಲ,” ಎಂದು ಸರಿಯಾದ ಮುಷ್ಟಿಯನ್ನು ಮುಟ್ಟಿದ. ಐದು ಜನ ಬಂದರು. ಐದೂ ಸರಿ.

ಕೆಂಪರಾಜು ಪರದೆಯ ಹಿಂದೆ ನೋಡಿದ, ದೀಪದ ಕಂಬದ ಕಡೆ ನೋಡಿದ, ಮೈಕಿನವನನ್ನು ಅನುಮಾನಿಸಿದ, ಎಲ್ಲಾದರೂ ಕನ್ನಡಿ ಇದೆಯಾ ಅಂತ ಹುಡುಕಿದ. ಏನೂ ಸಿಗಲಿಲ್ಲ. ಪಕ್ಕದಲ್ಲಿ ಲತಾಮಣಿ ಸೆರಗು ಸರಿಮಾಡಿಕೊಳ್ಳುತ್ತಾ ಕೂತಿದ್ದಳು. ಕೊನೆಗೆ ಜಯಕುಮಾರ್ ಮೈಕಿನಲ್ಲಿ, ನನ್ನ ಮೊದಲ ಗುರು ನಮ್ಮ ಭಾವ, ಇಲ್ಲೇ ಕೂತಿದ್ದಾರೆ ಅಂದ. ಎಂಟುನೂರು ಜನ ತಿರುಗಿ ನೋಡಿದರು. ಕೆಂಪರಾಜು ಎದ್ದು ಕೈಮುಗಿದ. ಅಷ್ಟು ಉರಿ ಅವನಿಗೆ ಯಾವ ಅವಮಾನದಿಂದಲೂ ಆಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಅವನು ಉಯ್ಯಂಬಳ್ಳಿ ಶಾಲೆಯಲ್ಲಿ ಎರಡು ದಿನ ಕಾರ್ಯಕ್ರಮ ಇದೆ ಅಂತ ಹೇಳಿ ಬೆಂಗಳೂರಿಗೆ ಹೋಗಿ ಅದೇ ಕೋರ್ಸು ಮಾಡಿದ. ನಾನಿಲ್ಲದೆ ಅದ್ಯಾವ ಕಾರ್ಯಕ್ರಮ ಅಂತ ಲತಾಮಣಿ ಕೇಳಲಿಲ್ಲ. ಅಲ್ಲಿ ಟೈ ಕಟ್ಟಿದ ಒಬ್ಬರು ಕಣ್ಣಿನ ಚಾರ್ಟು ಹಿಡಿದು ಪಾಠ ಮಾಡಿದರು. ಎದುರಿನವನು ಕಾಲು ಮೇಲೆ ಕಾಲು ಹಾಕಿದರೆ ನೀವೂ ಹಾಕಿ, ಅವನು ಉಸಿರೆಳೆದ ಹಾಗೇ ಉಸಿರೆಳೆಯಿರಿ, ಅವನ ಮನಸ್ಸು ತೆರೆದುಕೊಳ್ಳುತ್ತದೆ ಅಂದರು. ಕೆಂಪರಾಜು ಪಕ್ಕದವನ ಉಸಿರನ್ನು ಅನುಸರಿಸಲು ಹೋಗಿ, ಅವನಿಗೆ ದಮ್ಮಿನ ತೊಂದರೆ ಇದ್ದದ್ದರಿಂದ, ತಾನೂ ಮಧ್ಯಾಹ್ನದವರೆಗೆ ಏದುಸಿರು ಬಿಟ್ಟ. ಎರಡನೇ ದಿನ ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟು ಕೊಟ್ಟರು. ಅದನ್ನು ಟ್ರಂಕಿನ ತಳದಲ್ಲಿ ಮುಚ್ಚಿಟ್ಟ.

ಮುಚ್ಚಿಟ್ಟರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಎರಡೇ ದಿನಕ್ಕೆ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, “ಒಂದು ಕಾಸು ತಗೋ. ಹಿಂದೆ ಇಟ್ಕಂಡು ಯಾವ್ದಾದ್ರೂ ಒಂದು ಕೈಲಿ ಹಿಡ್ಕ. ಮುಷ್ಟಿ ತೋರ್ಸು. ಮೂಗು ತಾನಾಗೇ ಕಾಸಿನ ಕಡೆ ತಿರುಗ್ತದಂತೆ, ನೋಡಾನ,” ಅಂದ.

ಮೊದಲ ದಿನ ಹತ್ತಕ್ಕೆ ಐದು ಸರಿಯಾಯಿತು. ತಟ್ಟೆಯಲ್ಲಿದ್ದ ಊಟ ಬಿಟ್ಟು ಎದ್ದುಹೋದ. ಎರಡನೇ ದಿನ ಎಂಟು. ಆಮೇಲೆ ಹತ್ತಕ್ಕೆ ಹತ್ತು. ಬೆಳಿಗ್ಗೆ ಹತ್ತು, ಸಂಜೆ ಹತ್ತು. ಅವಳ ಮೂಗು ಕೂದಲೆಳೆಯಷ್ಟು ಬಲಕ್ಕೋ ಎಡಕ್ಕೋ ವಾಲುವುದು ಅವನಿಗೆ ಈಗ ಎರಡು ಮಾರು ದೂರದಿಂದಲೂ ಕಾಣುತ್ತಿತ್ತು. ಇಷ್ಟು ವರ್ಷ ಒಳಗೆ ಮಲಗಿದ್ದ ಶಕ್ತಿ ಎದ್ದು ಕೂತಿದೆ ಅಂತ ಅವನಿಗೆ ಖಾತ್ರಿಯಾಯಿತು. ಮೈಮನಸ್ಸೆಲ್ಲ ಹಗುರಾಗಿ ಮೂರು ಹೊತ್ತು ಉಂಡ. ಲತಾಮಣಿ ಬಡಿಸುತ್ತಾ ಸುಮ್ಮನೆ ನೋಡುತ್ತಿದ್ದಳು.

ನೀವೇ ಯೋಚಿಸಿ. ಹನ್ನೆರಡು ವರ್ಷ ಗಂಡನಿಗೆ ಯಾರ ಕಣ್ಣಿಗೂ ಬೀಳದಂತೆ ಉತ್ತರ ದಾಟಿಸುವುದನ್ನೇ ಕಸುಬು ಮಾಡಿಕೊಂಡ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು, ಅವಳ ಮನಸ್ಸು ಓದಿಬಿಟ್ಟೆ ಅಂತ ಬೀಗುವ ಗಂಡಸು ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬನಿದ್ದಾನಾ? ಆದರೆ ಹೊಟ್ಟೆಕಿಚ್ಚು ಹತ್ತಿದವನಿಗೆ ಇದೆಲ್ಲ ತೋಚುವುದಿಲ್ಲ.

ನವೆಂಬರಿನ ಕೊನೆಯ ಭಾನುವಾರ ಅದೇ ಕಂಪನಿಯ ಕಾರ್ಮಿಕರ ಕನ್ನಡ ಸಂಘದವರು ರಾಜ್ಯೋತ್ಸವ ಇಟ್ಟುಕೊಂಡರು. ಭಾವ ಬಾಮೈದ ಇಬ್ಬರನ್ನೂ ಕರೆದರು. ಇಬ್ಬರಲ್ಲಿ ಯಾರದು ಚೆನ್ನಾಗಿ ಬರುತ್ತದೋ ಅವರಿಗೇ ಮುಂದಿನ ವಾರ್ಷಿಕೋತ್ಸವ ಎಂದು ನವ್ಯಶ್ರೀ ಫೋನಿನಲ್ಲಿ ತಿಳಿಸಿದಳು. ಕೆಂಪರಾಜು ಕುಣಿದಾಡಿದ. ಆ ವೇದಿಕೆಯನ್ನು ಬಾಮೈದನ ಕೈಯಿಂದ, ಬಾಮೈದನ ವಿದ್ಯೆಯಿಂದಲೇ ಕಿತ್ತುಕೊಳ್ಳಬೇಕು.

ಲತಾಮಣಿ ಸೀರೆ ತೆಗೆದಿಡುವಾಗ, “ನೀನು ಬರಾದು ಬ್ಯಾಡ,” ಅಂದ.

“ಯಾಕೆ?”

“ಇದು ಸೈಕಾಲಜಿ. ಇದ್ಕೆ ಜೊತೆಗಾತಿ ಬೇಕಿಲ್ಲ. ಹೆಂಡ್ರು ಸನ್ನೆ ಮಾಡುದ್ಲು ಅಂತ ಯಾರೂ ಅನ್ನಬಾರ್ದು.”

ಅವಳು ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು, ಸೀರೆಯನ್ನು ಮತ್ತೆ ಪೆಟ್ಟಿಗೆಗಿಟ್ಟಳು.

ಬಿಡದಿಯಲ್ಲಿ ಶಾಮಿಯಾನದ ಬಾಗಿಲಲ್ಲೇ ಜಯಕುಮಾರ್ ಸಿಕ್ಕ. ಭಾವನ ಹೆಗಲ ಹಿಂದೆ ಕತ್ತು ಚಾಚಿ, “ಅಕ್ಕ ಎಲ್ಲಿ ಭಾವ?” ಅಂದ.

“ಬರ್ಲಿಲ್ಲ.”

“ಬರ್ಲೇ ಇಲ್ವಾ?” ಅವನ ಮುಖ ಬಾಡಿತು. ಅಕ್ಕನ ಮೇಲೆ ಎಷ್ಟು ಪ್ರೀತಿ ನೋಡು ಅಂತ ಕೆಂಪರಾಜು ಅದಕ್ಕೂ ಸ್ವಲ್ಪ ಕರುಬಿದ.

ಮೊದಲು ಜಯಕುಮಾರನ ಸರದಿ. ಕಣ್ಣಿನ ಭಾಷಣ ಮಾಡಿದ, ಪ್ಯಾಡಿನ ಆಟವನ್ನು ಎರಡು ಸಲ ಆಡಿದ. ಯಾರೋ ಹಿಂದಿನಿಂದ, “ಕಾಸಿನ್ ಆಟ ಆಡ್ಸಿ ಸಾರ್!” ಎಂದು ಕೂಗಿದರು. ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ಇವತ್ತು ಅದನ್ನು ನಮ್ಮ ಭಾವ ಮಾಡುತ್ತಾರೆ ಅಂದುಬಿಟ್ಟು ಇಳಿದ. ನಾನು ಬಂದದ್ದು ನೋಡಿ ಹೆದರಿದ ಎಂದುಕೊಂಡು ಕೆಂಪರಾಜು ಮೆಟ್ಟಿಲು ಹತ್ತಿದ.

ಮೊದಲು ಮುನಿಕೃಷ್ಣ ಬಂದ. ಎಂಟು ವರ್ಷದಿಂದ ಪ್ರೆಸ್ ಮೆಷೀನಿನ ಮುಂದೆ ನಿಂತವನು. ಅಲ್ಲಿ ಕಣ್ಣು ಆ ಕಡೆ ಈ ಕಡೆ ಹೋದರೆ ಬೆರಳು ಹೋಗುತ್ತದೆ. ಅವನ ಮುಖ ಗೋಡೆಯ ಹಾಗಿತ್ತು. ಮೂಗು ನೇರ, ಕಣ್ಣು ನೇರ. ಕೆಂಪರಾಜು ಬಹಳ ಹೊತ್ತು ನೋಡಿ ಬಲಗೈ ಮುಟ್ಟಿದ. ಖಾಲಿ. ಎರಡನೆಯವನು ಗೇಟಿನ ಕಾವಲುಗಾರ ಕೆಂಚಯ್ಯ. ಅವನ ಮೂಗು ಸ್ಪಷ್ಟವಾಗಿ ಎಡಕ್ಕಿತ್ತು. ಗೇಟು ಆ ಕಡೆಗಿತ್ತು, ಅದಕ್ಕೆ. ಎಡಗೈಯೂ ಖಾಲಿ. ಅಸೆಂಬ್ಲಿ ಲೈನಿನ ಅಮೂಲ್ಯ ಬಂದು ಮುಖವನ್ನೇ ಎತ್ತದೆ ಕಿಸಿಕಿಸಿ ನಕ್ಕಳು. ಅದು ಹೇಗೋ ಸರಿಯಾಯಿತು. ನಾಲ್ಕನೆಯವನು ಮುಷ್ಟಿ ಚಾಚುವ ಹೊತ್ತಿಗೆ ಸೆಕೆಂಡ್ ಶಿಫ್ಟಿನ ಬಸ್ಸು ಹಾರನ್ ಹೊಡೆಯಿತು. ಶಾಮಿಯಾನದಲ್ಲಿದ್ದ ಅಷ್ಟೂ ಮೂಗು ಒಟ್ಟಿಗೆ ಬಸ್ಸಿನ ಕಡೆ ತಿರುಗಿತು. ಏಳು ಜನ ಮುಗಿಯುವಷ್ಟರಲ್ಲಿ ಐದು ತಪ್ಪಾಗಿತ್ತು.

“ಸಾರ್, ಕಣ್ ಮುಚ್ಕಂಡ್ ಹೇಳುದ್ರೂ ಅರ್ಧ ಸರಿ ಆಯ್ತದೆ ಕಣ್ ಸಾರ್!” ಎಂದು ಒಬ್ಬ ಕೂಗಿದ. ನಗು ಅಲೆಅಲೆಯಾಗಿ ಬಂತು. ಕೆಂಪರಾಜುವಿನ ಅಂಗಿ ಬೆನ್ನಿಗೆ ಅಂಟಿತು.

ಆಗ ಜಯಕುಮಾರ್ ಓಡಿಬಂದು ಮೈಕು ಹಿಡಿದ. “ನೋಡುದ್ರಾ? ಈ ವಿದ್ಯೆ ಎಷ್ಟು ಕಷ್ಟ ಅಂತ ತೋರ್ಸಾಕೆ ನಮ್ ಭಾವ ಬೇಕೂಂತ ತಪ್ ಮಾಡುದ್ರು. ಅವ್ರಿಗೊಂದು ಜೋರಾದ ಚಪ್ಪಾಳೆ!” ಜನ ಹೊಡೆದರು. ನವ್ಯಶ್ರೀಯೂ ಹೊಡೆದಳು. ಬಾಮೈದ ಹೆಗಲಿಗೆ ಕೈ ಹಾಕಿದ. ಆ ಕೈಯನ್ನು ಕಚ್ಚಿಬಿಡಬೇಕು ಅನ್ನಿಸಿತು ಕೆಂಪರಾಜುವಿಗೆ.

ಮಾರನೆಯ ಬೆಳಿಗ್ಗೆ ಲತಾಮಣಿ ಜಗಲಿಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದಳು.  ಕೆಂಪರಾಜು ಬಂದು ಎದುರಿಗೆ ಕೂತ.

“ಏಳಕ್ಕೆ ಎರಡು,” ಅಂದ. “ಮನೇಲಿ ಹತ್ತಕ್ಕೆ ಹತ್ತು ಬತ್ತಿತ್ತು. ಅಲ್ಲಿ ಯಾಕೆ ಬರ್ಲಿಲ್ಲ?”

“ಕಾಸಿನ ಕಡೆ ಮೂಗು ತಿರುಗ್ತದೆ ಅಂತ ನೀನೇ ಹೇಳ್ಕೊಟ್ಟಿದ್ದೆ. ತಿರುಗಿಸ್ದೆ.”

“ಬೇಕೂಂತಾ?”

“ಮೊದಲ್ನೇ ದಿನ ತಿರುಗಿಸ್ನಿಲ್ಲ. ಊಟ ಬುಟ್ಟು ಎದ್ದೋದೆ. ಇನ್ನೇನ್ ಮಾಡ್ಲಿ? ಗಂಡ ಉಪಾಸ ಬೀಳಾದಕ್ಕಿಂತ ಒಸಿ ಮೂಗು ತಿರುಗಿಸಾದು ವಾಸಿ ಅಂತ ತಿರುಗಿಸ್ದೆ. ನೆನ್ನೆ ಹೊರಟಾಗ ಹೇಳಾನ ಅಂತಿದ್ದೆ. ನಿನ್ ಮುಖ ನೋಡಿ ಬಾಯಿ ಬರ್ಲಿಲ್ಲ.”

 ನಿಧಾನವಾಗಿ ಬೇರೆ ಒಂದು ಯೋಚನೆ ಕೆಂಪರಾಜುವಿನೊಳಗೆ ಎದ್ದಿತು. ತನಗೆ ಬಾರದ್ದು ಬಾಮೈದನಿಗೆ ಹೇಗೆ ಬಂತು, ಐದಕ್ಕೆ ಐದು? ನಿನ್ನೆ ಅವನು ಆ ಆಟವನ್ನೇ ಯಾಕೆ ಮುಟ್ಟಲಿಲ್ಲ? ಅಕ್ಕ ಎಲ್ಲಿ ಅಂತ ಯಾಕೆ ಅಷ್ಟು ಗಾಬರಿ? ಕೆಂಪರಾಜು ಹೆಂಡತಿಯ ಮುಖ ನೋಡಿದ. ಅವಳು ಕಾಳಿನ ಕಡೆಯೇ ನೋಡುತ್ತಿದ್ದಳು.

“ಆವತ್ತು ನೀನು ಸೆರಗು ಸರಿ ಮಾಡ್ಕತಾ ಇದ್ದೆ.”

“ಹೂಂ. ಬಲಗೈಲಿದ್ರೆ ಹೊದ್ಕತಿದ್ದೆ, ಎಡಗೈಲಿದ್ರೆ ಬುಡ್ತಿದ್ದೆ.”

“ನನ್ ಪಕ್ಕದಲ್ಲೇ ಕೂತ್ಕಂಡು!”

“ಇನ್ನೆಲ್ಲಿ ಕೂತ್ಕಳ್ಲಿ? ಹಿಂದಿನ್ ದಿನ ಅವ್ನು ಫೋನಲ್ಲಿ ಅತ್ತ ಕಣಯ್ಯ. ಕೋರ್ಸ್‌ನಲ್ಲಿ ಕಲ್ತಿದ್ದು ಯಾವ್ದೂ ನಡೀತಿಲ್ಲ, ಅರ್ಧಕ್ಕರ್ಧ ತಪ್ಪೋಯ್ತದೆ, ಮಾನ ಹೋಯ್ತದೆ ಅಕ್ಕ ಅಂದ.”

“ಹಂಗಾದ್ರೆ ಆ ಸೈಕಾಲಜಿ ಎಲ್ಲ ಸುಳ್ಳಾ?”

“ಕಾಸು ಹುಡ್ಕಾಕೆ ಸುಳ್ಳು. ಮಾತಾಡಾಕೆ ಚೆಂದಾಗೈತೆ. ನಿನ್ ಕಣ್ ಹಿಂಗೋಯ್ತು, ನಿನ್ ಮೂಗ್ ಹಂಗೋಯ್ತು ಅಂದ್ರೆ ಜನಕ್ಕೆ ಖುಷಿ. ಮೆಷಿನ್ ಮುಂದೆ ನಿಂತಿರೋರ ಮುಖ ಅಷ್ಟೊತ್ತು ಯಾರ್ ನೋಡ್ತಾರೆ ಹೇಳು.”

ಅವಳು ಹೇಳಿದ್ದು ಸರಿಯಿತ್ತು. ಆದರೆ ಕೆಂಪರಾಜುವಿನ ಕಿವಿಗೆ ಅದು ಹೋಗಲಿಲ್ಲ. ಹೆಂಡತಿ ಮೋಸ ಮಾಡಿದ್ದೂ ಅವನಿಗೆ ಅಷ್ಟು ನೋಯಲಿಲ್ಲ. ತನಗೆ ಕೊಟ್ಟದ್ದನ್ನೇ ಬಾಮೈದನಿಗೂ ಕೊಟ್ಟಳಲ್ಲ, ಅದು ನೋಯಿತು. ತಾನು ಹುಟ್ಟಿನಿಂದ ಬಂದ ಶಕ್ತಿ ಅಂದುಕೊಂಡದ್ದು ಇವಳ ಕೈಯಲ್ಲಿತ್ತು, ಅದನ್ನು ಇವಳು ಮೊಸರು ಬಡಿಸಿದ ಹಾಗೆ ಇಬ್ಬರಿಗೂ ಸಮನಾಗಿ ಬಡಿಸಿದ್ದಳು.

“ಇನ್ಮೇಲೆ ಅವ್ನಿಗೆ ಒಂದು ಸನ್ನೇನೂ ಕೊಡಬಾರ್ದು,” ಅಂದ. 

ಲತಾಮಣಿ ಕೈ ಒರೆಸಿಕೊಂಡಳು. “ಅವ್ನು ನನ್ ತಮ್ಮ. ಒಬ್ರಿಗೆ ಕೊಟ್ಟು ಒಬ್ರಿಗೆ ಬುಡಾ ಕೆಲ್ಸ ನನ್ ಕೈಲಾಗಲ್ಲ. ಕೊಟ್ರೆ ಇಬ್ರಿಗೂ ಕೊಡ್ತೀನಿ. ನಿಲ್ಸು ಅಂದ್ರೆ ಇಬ್ರಿಗೂ ನಿಲ್ಲಿಸ್ತೀನಿ. ನೀನೇ ಹೇಳು.”

ಹಾಗೆ ಹೇಳಿದಾಗ ಅವಳ ತುಟಿಯಲ್ಲಿ ಸಣ್ಣ ನಗೆ ಇತ್ತು. ಉತ್ತರ ಏನು ಬರುತ್ತದೆ ಅಂತ ಅವಳಿಗೆ ಅನುಮಾನವೇ ಇರಲಿಲ್ಲ. ಅವಳಿಲ್ಲದೆ ಇವನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತ ಒಬ್ಬ ಮನುಷ್ಯ, ಅಷ್ಟೇ. ಡಿಸೆಂಬರಿನಲ್ಲಿ ಮೂರು ಶಾಲೆಯವರು ಕರೆದಿದ್ದರು.

ಕೆಂಪರಾಜುವಿನ ಕಣ್ಣ ಮುಂದೆ ಬಿಡದಿಯ ವೇದಿಕೆ ಬಂತು. ಅದರ ಮೇಲೆ ಜಯಕುಮಾರ್, ಬಿಳೀ ಶರಟಿನಲ್ಲಿ. ಮೂರನೇ ಸಾಲಿನ ಕುರ್ಚಿ ಖಾಲಿ. ಬಲಗೈ ಮುಟ್ಟುತ್ತಾನೆ, ತಪ್ಪು. ಎಡಗೈ ಮುಟ್ಟುತ್ತಾನೆ, ತಪ್ಪು. ಎಂಟುನೂರು ಜನ ನಗುತ್ತಾರೆ. ಓಡಿಬಂದು ಮೈಕು ಹಿಡಿಯುವವರು ಯಾರೂ ಇಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನ ಹೊಟ್ಟೆ ತಣ್ಣಗಾಯಿತು. ತನ್ನ ಕುರ್ಚಿ, ತನ್ನ ಕೋಟು ಆಮೇಲೆ ನೆನಪಿಗೆ ಬಂದವು. ಅವನ್ನು ಪಕ್ಕಕ್ಕೆ ತಳ್ಳಿದ.

“ನಿಲ್ಸು,” ಅಂದ.

“ಇಬ್ರಿಗೂ?”

“ಇಬ್ರಿಗೂ.”

ಲತಾಮಣಿಯ ನಗೆ ಹೋಯಿತು. ಅವನ ಮುಖವನ್ನೇ ನೋಡಿದಳು, ಗುರುತಿನವರೋ ಅಲ್ಲವೋ ಅಂತ ನೋಡುವ ಹಾಗೆ. ಆಮೇಲೆ “ಆಯ್ತು” ಅಂದು, ಕಾಳಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಕೆಂಪರಾಜು ಬೀದಿಗೆ ಬಂದು ನವ್ಯಶ್ರೀಗೆ ಫೋನ್ ಮಾಡಿದ. “ಮುಂದಿನ್ ವಾರ್ಷಿಕೋತ್ಸವಕ್ಕೆ ಜಯಕುಮಾರ್‌ನೇ ಕರ್ಸಿ ಕಣಮ್ಮ. ಆ ಕಾಸಿನ್ ಆಟನೇ ಇಡ್ಸಿ. ಐದ್ ಸಲ ಸಾಲ್ದು, ಹತ್ತು ಸಲ ಆಡ್ಸಿ.”

“ಎಂಥಾ ದೊಡ್ ಮನ್ಸು ಸರ್ ನಿಮ್ದು,” ಅಂದಳು ಆ ಹುಡುಗಿ.  “ನಿಮ್ಗೆ ಮುಂದಿನ್ ಸಾಲ್ನಲ್ಲೇ ಇಡಿಸ್ತೀನಿ. ಎರಡು ಸೀಟಲ್ವಾ ಸರ್, ಮೇಡಮ್ಮೂ ಬತ್ತಾರಲ್ಲ?”

“ಇಲ್ಲ,” ಅಂದ ಕೆಂಪರಾಜು. “ಒಂದೇ ಸಾಕು.”